ಗಾಳಿ ತೊಳೆಯುವ ಖರ್ಚು ಯಾರ ಖಾತೆಗೆ?

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಹೆಚ್ಚು ದೂರವಿಲ್ಲದ ಹೆಲ್ಲಿಶೈದಿ ಎಂಬಲ್ಲಿ ಭೂಮಿಯ ಬಿಸಿಯಿಂದಲೇ ವಿದ್ಯುತ್ ತೆಗೆಯುವ ಸ್ಥಾವರವಿದೆ. ಅದರ ಮಗ್ಗುಲಲ್ಲಿ ಸ್ವಿಟ್ಜರ್ಲೆಂಡಿನ ಕ್ಲೈಮ್‌ವರ್ಕ್ಸ್ ಕಂಪನಿ 2021ರಲ್ಲಿ ‘ಓರ್ಕಾ’, 2024ರಲ್ಲಿ ‘ಮ್ಯಾಮತ್’ ಎಂಬ ಎರಡು ಘಟಕಗಳನ್ನು ನಿಲ್ಲಿಸಿತು. ಭಾರಿ ಫ್ಯಾನುಗಳು ಗಾಳಿಯನ್ನು ಒಳಗೆಳೆಯುತ್ತವೆ. ಒಳಗಿನ ರಾಸಾಯನಿಕ ಜರಡಿ ಇಂಗಾಲದ ಡೈಆಕ್ಸೈಡನ್ನಷ್ಟೇ ಹಿಡಿದಿಟ್ಟುಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಹಿಡಿದ ಅನಿಲವನ್ನು ನೀರಿನಲ್ಲಿ ಕರಗಿಸಿ, ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸುತ್ತಾರೆ. ಅಲ್ಲಿ ಅದು ಕಲ್ಲಿನ ಜೊತೆ ಸೇರಿ ತಾನೂ ಕಲ್ಲಾಗುತ್ತದೆ. ಇದೇ ಜಾಗದಲ್ಲಿ 2012ರಲ್ಲಿ ನಡೆದ ಕಾರ್ಬ್‌ಫಿಕ್ಸ್ ಪ್ರಯೋಗದಲ್ಲಿ, ಒಳಗೆ ಬಿಟ್ಟ ಅನಿಲದ ಶೇ 95ಕ್ಕೂ ಹೆಚ್ಚು ಭಾಗ ಎರಡು ವರ್ಷದೊಳಗೆ ಖನಿಜವಾಗಿತ್ತೆಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಒಮ್ಮೆ ಹೀಗೆ ಕಲ್ಲಾದ ಇಂಗಾಲ ಸಾವಿರಾರು ವರ್ಷ ಮೇಲೇಳುವುದಿಲ್ಲ.

ವಿಜ್ಞಾನ ಗಟ್ಟಿಯಾಗಿದೆ, ಆದರೆ ಲೆಕ್ಕ ನೋಡಿದರೆ ಎದೆ ಕುಸಿಯುತ್ತದೆ. ಮ್ಯಾಮತ್‌ನ ಘೋಷಿತ ಸಾಮರ್ಥ್ಯ ವರ್ಷಕ್ಕೆ 36,000 ಟನ್. ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟುಗಳಿಂದ ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಉಗುಳುತ್ತಿದೆ. ಅಂದರೆ ಆ ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ವರ್ಷವಿಡೀ ದುಡಿದು ತೆಗೆಯುವುದನ್ನು ನಾವು ಅರ್ಧ ನಿಮಿಷದಲ್ಲಿ ಮತ್ತೆ ತುಂಬಿಬಿಡುತ್ತೇವೆ. ಮರ ನೆಡುವುದನ್ನು ಬಿಟ್ಟು ಉಳಿದೆಲ್ಲ ಹೊಸ ವಿಧಾನಗಳೂ ಸೇರಿ ಜಗತ್ತಿನಾದ್ಯಂತ ತೆಗೆಯುತ್ತಿರುವುದು ವರ್ಷಕ್ಕೆ 13 ಲಕ್ಷ ಟನ್ ಆಸುಪಾಸು ಎಂದು 2024ರ ಅಂತರರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜಿಸಿತ್ತು. ಅದು ಇಪ್ಪತ್ತು ನಿಮಿಷದ ಹೊಗೆಗೂ ಸಾಲದು.

ಇಷ್ಟು ಚಿಕ್ಕ ಫಲಕ್ಕೆ ಸರ್ಕಾರಗಳು ದೊಡ್ಡ ಮೊತ್ತ ಇಡುತ್ತಿವೆ. ಅಮೆರಿಕ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಗಾಳಿಯಿಂದ ನೇರ ಇಂಗಾಲ ಹಿಡಿಯುವ ನಾಲ್ಕು ಬೃಹತ್ ಕೇಂದ್ರಗಳಿಗೆ 350 ಕೋಟಿ ಡಾಲರ್ ತೆಗೆದಿಟ್ಟಿತು. 2022ರಲ್ಲಿ, ಹಾಗೆ ಹಿಡಿದು ನೆಲದಡಿ ಹೂತ ಪ್ರತಿ ಟನ್ನಿಗೆ 180 ಡಾಲರ್ ತೆರಿಗೆ ರಿಯಾಯಿತಿ ಘೋಷಿಸಿತು. ಸ್ವೀಡನ್ ಹರಾಜಿನ ದಾರಿ ಹಿಡಿಯಿತು. ಭಾರತ 2026-27ರ ಬಜೆಟ್ಟಿನಲ್ಲಿ ಇಂಗಾಲ ಹಿಡಿದು ಬಳಸುವ, ಹೂಳುವ ತಂತ್ರಜ್ಞಾನಗಳಿಗೆ ಐದು ವರ್ಷಕ್ಕೆ 20,000 ಕೋಟಿ ರೂಪಾಯಿ ಪ್ರಸ್ತಾಪಿಸಿದೆ. ಇದು ತೆರಿಗೆದಾರರ ಹಣ. ಹಾಗಾಗಿ ಇದನ್ನು ಕೊಡಬೇಕೇ, ಕೊಟ್ಟರೆ ಯಾವ ಷರತ್ತಿಗೆ, ಕೊನೆಗೆ ಯಾರಿಂದ ವಸೂಲು ಮಾಡಿ ಕೊಡಬೇಕು ಎಂಬುದನ್ನು ಯಂತ್ರ ಕಟ್ಟುವವರ ಕೈಗಷ್ಟೇ ಬಿಟ್ಟು ಕೂರಲಾಗದು. ಸರ್ಕಾರದ ಬೆಂಬಲ ಬೇಕು ಎಂಬುದು ನನ್ನ ನಿಲುವು. ಆದರೆ ಅದು ಯಂತ್ರಕ್ಕೆ ಸಿಗುವ ಸಹಾಯಧನ ಆಗಬಾರದು, ನೆಲ ಸೇರಿದ ಟನ್ನಿಗೆ ಸಿಗುವ ಕೂಲಿ ಆಗಬೇಕು. ಆ ಕೂಲಿಯ ಹಣ ಇಂಗಾಲವನ್ನು ನೆಲದಿಂದ ಮೇಲೆ ತಂದವರ ಜೇಬಿನಿಂದಲೇ ಬರಬೇಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ವಿದ್ಯುತ್ ಸ್ಥಾವರದ ಚಿಮಣಿಗೆ ಯಂತ್ರ ಕೂಡಿಸಿ, ಹೊರಡುವ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವುದು ಒಂದು ಕೆಲಸ. ಆಗಲೇ ಗಾಳಿ ಸೇರಿಹೋದದ್ದನ್ನು ವಾಪಸು ತೆಗೆಯುವುದು ಇನ್ನೊಂದು ಕೆಲಸ. ಮೊದಲನೆಯದು ಹೊಸ ಮಾಲಿನ್ಯವನ್ನು ತಡೆಯುತ್ತದೆ, ಎರಡನೆಯದು ಹಳೆಯದನ್ನು ಗುಡಿಸುತ್ತದೆ. ನಮ್ಮ ಬಜೆಟ್ಟಿನ 20,000 ಕೋಟಿ ವಿದ್ಯುತ್, ಉಕ್ಕು, ಸಿಮೆಂಟ್, ತೈಲ ಸಂಸ್ಕರಣೆ ಮತ್ತು ರಾಸಾಯನಿಕ ಉದ್ಯಮಗಳಿಗೆ ಸಂಬಂಧಿಸಿದ್ದು, ಅಂದರೆ ಮುಖ್ಯವಾಗಿ ಮೊದಲನೆಯ ಬಗೆ. ರಾಜಕಾರಣಿಗಳ ಭಾಷಣದಲ್ಲೂ ಕಂಪನಿಗಳ ಜಾಹೀರಾತಿನಲ್ಲೂ ಇವೆರಡನ್ನೂ ಒಂದೇ ಚೀಲಕ್ಕೆ ತುಂಬುವ ಅಭ್ಯಾಸವಿದೆ. ಚೀಲ ಒಂದಾದರೆ ಲೆಕ್ಕ ಕೇಳುವುದು ಕಷ್ಟ.

ಹಳೆಯದನ್ನು ಗುಡಿಸುವ ಅಗತ್ಯವಾದರೂ ಏನು? ಕೈಗಾರಿಕಾ ಕ್ರಾಂತಿಗೆ ಮುನ್ನ ಗಾಳಿಯ ಪ್ರತಿ ಹತ್ತು ಲಕ್ಷ ಕಣದಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಅದು ಮಳೆಗೆ ತೊಳೆದುಹೋಗುವ ದೂಳಲ್ಲ. ಅದರ ಒಂದು ಪಾಲು ಶತಮಾನಗಟ್ಟಲೆ ಮೇಲೆಯೇ ಉಳಿಯುತ್ತದೆ. ನಾಳೆಯೇ ಕಲ್ಲಿದ್ದಲು ಬಿಟ್ಟರೂ ಕೆಲವು ಹೊಗೆ ನಿಲ್ಲುವುದಿಲ್ಲ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನೇ ತೆಗೆದುಕೊಳ್ಳಿ. ಅವು ಪೂರ್ತಿ ಸೌರಶಕ್ತಿಯಲ್ಲಿ ನಡೆದರೂ ಸುಣ್ಣದಕಲ್ಲು ಗೂಡಿನಲ್ಲಿ ಬೆಂದಾಗ ಅದರೊಳಗಿನ ಇಂಗಾಲ ಹೊರಬಂದೇ ಬರುತ್ತದೆ. ಸಿಮೆಂಟಿನ ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಕಲ್ಲಿನಿಂದಲೇ ಬರುವಂಥದ್ದು. ದೂರದ ವಿಮಾನಯಾನ, ಗದ್ದೆ ಮತ್ತು ದನಗಳ ಮೀಥೇನ್, ಗೊಬ್ಬರದ ನೈಟ್ರಸ್ ಆಕ್ಸೈಡ್ ಇವೂ ಇದೇ ಸಾಲಿನವು. ಅದಕ್ಕೇ ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2022ರ ತನ್ನ ವರದಿಯಲ್ಲಿ, ನಿವ್ವಳ ಶೂನ್ಯ ಮುಟ್ಟಬೇಕಾದರೆ ಹೀಗೆ ಉಳಿದುಬಿಡುವ ಹೊಗೆಯನ್ನು ಸರಿದೂಗಿಸಲು ಗಾಳಿಯಿಂದ ಇಂಗಾಲ ತೆಗೆಯುವುದು ಅನಿವಾರ್ಯ ಎಂದಿತು. ಇದು ಎಲ್ಲಕ್ಕೂ ಬದಲಿ ಎಂದು ಅದು ಹೇಳಲಿಲ್ಲ. ಎಲ್ಲ ಕಡಿತ ಮುಗಿದ ಮೇಲೆ ಉಳಿಯುವ ಶೇಷಕ್ಕೆ ಬೇಕು ಎಂದಿತು. ಈ ಚರ್ಚೆಯ ಜೀವಾಳ ಆ ‘ಶೇಷ’ದಲ್ಲಿದೆ.

ಬೇಕಾದರೆ ಮಾರುಕಟ್ಟೆಯೇ ಮಾಡಿಕೊಳ್ಳಲಿ, ಸರ್ಕಾರ ಏಕೆ ಎನ್ನುವವರಿದ್ದಾರೆ. ಊರಿನ ಒಳಚರಂಡಿಯನ್ನು ಯಾವ ಮನೆಯವರೂ ಒಬ್ಬರೇ ಕಟ್ಟಿಸುವುದಿಲ್ಲ. ಕಟ್ಟಿಸಿದರೆ ಲಾಭ ಊರಿಗೆಲ್ಲ, ಖರ್ಚು ಒಬ್ಬನಿಗೆ. ಗಾಳಿಯ ವಿಷಯವೂ ಅಷ್ಟೇ. ತೆಗೆದ ಒಂದು ಟನ್ ಇಂಗಾಲದಿಂದ ತೆಗೆದವನಿಗೆ ವಿಶೇಷ ತಂಪೇನೂ ಸಿಗದು, ಮಾರಲು ಸರಕೂ ಉಳಿಯದು. ಸೋಡಾ ಕಾರ್ಖಾನೆಗೋ ಹಸಿರುಮನೆಗೋ ಮಾರಬಹುದು, ಆದರೆ ಅಲ್ಲಿಂದ ಅದು ಮತ್ತೆ ಗಾಳಿಗೇ ಹೋಗುತ್ತದೆ. ಈಗ ಇರುವ ಖಾಸಗಿ ಗಿರಾಕಿಗಳೆಲ್ಲ ಸ್ವಇಚ್ಛೆಯವರು. 2022ರಲ್ಲಿ ಸ್ಟ್ರೈಪ್, ಆಲ್ಫಾಬೆಟ್, ಶಾಪಿಫೈ, ಮೆಟಾ, ಮೆಕಿನ್ಸಿ ಕಂಪನಿಗಳು ಸೇರಿ ‘ಫ್ರಾಂಟಿಯರ್’ ಹೆಸರಿನಲ್ಲಿ 92.5 ಕೋಟಿ ಡಾಲರ್ ಮೊತ್ತದ ಖರೀದಿಯ ಮಾತು ಕೊಟ್ಟವು. ಮೈಕ್ರೋಸಾಫ್ಟ್ ಒಂದೇ ಎಲ್ಲರಿಗಿಂತ ದೊಡ್ಡ ಗಿರಾಕಿ. ಇದು ಮೆಚ್ಚುವ ಕೆಲಸವೇ. ಆದರೆ ನಾಲ್ಕಾರು ಶ್ರೀಮಂತ ಕಂಪನಿಗಳ ಒಳ್ಳೆಯ ಮನಸ್ಸಿನ ಮೇಲೆ ಭೂಮಿಯ ನೈರ್ಮಲ್ಯವನ್ನು ನಿಲ್ಲಿಸಲಾಗದು. ಷೇರು ಬೆಲೆ ಬಿದ್ದ ವರ್ಷ ಆ ಮನಸ್ಸೂ ಬೀಳುತ್ತದೆ. ಸಾರ್ವಜನಿಕ ಕೆಲಸಕ್ಕೆ ಸಾರ್ವಜನಿಕ ನಿಯಮವೇ ಬೇಕು.

ಬೆಂಬಲಿಗರು ಇಲ್ಲಿ ಸೌರಶಕ್ತಿಯ ಕಥೆ ತೆಗೆಯುತ್ತಾರೆ. ಆ ಕಥೆ ನಮಗೂ ಗೊತ್ತು. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಶುರುವಾದಾಗ ಯೂನಿಟ್ಟಿಗೆ ಹತ್ತಿರಹತ್ತಿರ 18 ರೂಪಾಯಿ ದರ ಗೊತ್ತುಪಡಿಸಲಾಗಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ಜರ್ಮನಿ, ಚೀನಾ, ಭಾರತ ಮುಂತಾದ ದೇಶಗಳ ಸರ್ಕಾರಗಳು ಕೊಳ್ಳುವ ಖಾತರಿ ಕೊಟ್ಟದ್ದರಿಂದಲೇ ಕಾರ್ಖಾನೆಗಳು ಬೆಳೆದು ಬೆಲೆ ಬಿತ್ತು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಎದ್ದದ್ದು ಆ ಖಾತರಿಯ ಫಲ. ಇಂಗಾಲ ತೆಗೆಯುವ ಯಂತ್ರಗಳ ಬೆಲೆಯೂ ಹೀಗೇ ಇಳಿಯಬಹುದಲ್ಲ ಎಂಬುದು ಅವರ ವಾದ. ಅಮೆರಿಕದ ಇಂಧನ ಇಲಾಖೆ 2021ರಲ್ಲಿ ಹತ್ತು ವರ್ಷದೊಳಗೆ ಟನ್ನಿಗೆ 100 ಡಾಲರ್‌ಗಿಂತ ಕೆಳಗೆ ತರುವ ಗುರಿ ಹಾಕಿಕೊಂಡದ್ದು ಈ ನಂಬಿಕೆಯಿಂದಲೇ. ಇವತ್ತು ಆ ಬೆಲೆ ಹಲವು ನೂರು ಡಾಲರ್‌ಗಳಿಂದ ಸಾವಿರದವರೆಗೂ ಇದೆ.

ವಾದದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಸೌರ ಫಲಕ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಒಂದೇ ಅಚ್ಚಿನಲ್ಲಿ ಹೊರಬರುವ ವಸ್ತು. ಇಂಗಾಲ ಹಿಡಿಯುವ ಘಟಕ ಬಹುಮಟ್ಟಿಗೆ ಒಂದು ರಾಸಾಯನಿಕ ಕಾರ್ಖಾನೆ. ಅದಕ್ಕೆ ಪೈಪು, ಕೊಳವೆಬಾವಿ, ಶಾಖ, ನೆಲದಾಳದ ಶಿಲೆ ಎಲ್ಲವೂ ಊರಿಂದೂರಿಗೆ ಬೇರೆ. ಇನ್ನೂ ಮುಖ್ಯವಾಗಿ, ಫಲಕ ವಿದ್ಯುತ್ ಕೊಡುತ್ತದೆ, ಈ ಯಂತ್ರ ವಿದ್ಯುತ್ ತಿನ್ನುತ್ತದೆ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 12ರಷ್ಟಿದ್ದರೆ ಬಯಲ ಗಾಳಿಯಲ್ಲಿ ಶೇ 0.04. ಒಂದು ಟನ್ ಸಿಗಬೇಕಾದರೆ ಒಂದು ಕಣವನ್ನೂ ಬಿಡದೆ ಹಿಡಿದರೂ ಸುಮಾರು 13 ಲಕ್ಷ ಘನ ಮೀಟರ್ ಗಾಳಿಯನ್ನು ಜರಡಿ ಹಿಡಿಯಬೇಕು. ಶಾಖ ಮತ್ತು ವಿದ್ಯುತ್ ಸೇರಿ ಟನ್ನಿಗೆ ಸುಮಾರು 2,000 ಯೂನಿಟ್ ಶಕ್ತಿ ಬೇಕಾಗುತ್ತದೆ. ಎಷ್ಟೇ ಜಾಣ ಎಂಜಿನಿಯರ್ ಬಂದರೂ ಭೌತವಿಜ್ಞಾನ ಹಾಕಿದ ಕನಿಷ್ಠ ಗೆರೆಗಿಂತ ಕೆಳಗೆ ಇಳಿಯಲಾರ.

ಈ ಸಂಖ್ಯೆಯನ್ನು ನಮ್ಮ ನೆಲಕ್ಕೆ ಹೊಂದಿಸಿ ನೋಡಿ. ಭಾರತದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದು. ಸರಾಸರಿ ಒಂದು ಯೂನಿಟ್ಟಿಗೆ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 2,000 ಯೂನಿಟ್ಟನ್ನೂ ನಮ್ಮ ಗ್ರಿಡ್ಡಿನಿಂದಲೇ ಪಡೆದರೆ ಒಂದು ಟನ್ ತೆಗೆಯಲು 1.4 ಟನ್ ಹೊರಬಿಟ್ಟಂತಾಯಿತು. ಹೊಸ ಸೌರ ವಿದ್ಯುತ್ತನ್ನೇ ಯಂತ್ರಕ್ಕೆ ಕೊಡುತ್ತೇವೆ ಎಂದರೂ ಲೆಕ್ಕ ಸರಿಹೋಗದು. ಅದೇ 2,000 ಯೂನಿಟ್ ಕಲ್ಲಿದ್ದಲಿನ ವಿದ್ಯುತ್ತಿನ ಜಾಗ ತುಂಬಿದರೆ ಹತ್ತಿರಹತ್ತಿರ 2 ಟನ್ ಹೊಗೆ ತಪ್ಪುತ್ತದೆ. ಗ್ರಿಡ್ಡಿನಲ್ಲಿ ಕಲ್ಲಿದ್ದಲು ಇರುವವರೆಗೆ ಭಾರತದಲ್ಲಿ ಗಾಳಿ ಹೀರುವ ಯಂತ್ರ ಓಡಿಸುವುದು ಹವಾಮಾನದ ದೃಷ್ಟಿಯಿಂದಲೇ ನಷ್ಟ. ಐಸ್‌ಲ್ಯಾಂಡಿನಲ್ಲಿ ಅದು ಹೊಂದುವುದು ಅಲ್ಲಿ ಭೂಶಾಖವೂ ಬಸಾಲ್ಟೂ ಒಂದೇ ಜಾಗದಲ್ಲಿ ಇರುವುದರಿಂದ.

ವಿರೋಧಿಗಳ ಅತಿ ಬಲವಾದ ವಾದ ಇದಕ್ಕಿಂತ ಆಳದ್ದು. ನಾಳೆ ಗುಡಿಸುವ ಯಂತ್ರ ಬರುತ್ತದೆ ಎಂಬ ಭರವಸೆಯೇ ಇವತ್ತು ಗಲೀಜು ಮಾಡಲು ಪರವಾನಗಿಯಾಗುತ್ತದೆ ಎಂಬುದು ಅವರ ಭಯ. ಇದು ಬರೀ ಊಹೆಯಲ್ಲ. ಅಮೆರಿಕದ ತೈಲ ಕಂಪನಿ ಆಕ್ಸಿಡೆಂಟಲ್ 2023ರಲ್ಲಿ ಕೆನಡಾದ ಕಾರ್ಬನ್ ಎಂಜಿನಿಯರಿಂಗ್ ಕಂಪನಿಯನ್ನು 110 ಕೋಟಿ ಡಾಲರ್ ಕೊಟ್ಟು ಕೊಂಡಿತು. ಟೆಕ್ಸಸ್‌ನ ಎಕ್ಟರ್ ಕೌಂಟಿಯಲ್ಲಿ ವರ್ಷಕ್ಕೆ 5 ಲಕ್ಷ ಟನ್ ಸಾಮರ್ಥ್ಯದ ‘ಸ್ಟ್ರಾಟೋಸ್’ ಘಟಕವನ್ನು ಕಟ್ಟಿತು. ಈ ತಂತ್ರಜ್ಞಾನ ತೈಲೋದ್ಯಮವನ್ನು ಇನ್ನೂ ಹಲವು ದಶಕ ಉಳಿಸಿಕೊಳ್ಳಲು ನೆರವಾಗುತ್ತದೆ ಎಂದು ಅದರ ಮುಖ್ಯಸ್ಥೆ ವಿಕಿ ಹಾಲಬ್ ಅದೇ ವರ್ಷ ಬಹಿರಂಗವಾಗಿಯೇ ಹೇಳಿದರು. ಮುಚ್ಚುಮರೆಯಿಲ್ಲದ ಆ ಮಾತಿಗೆ ಕೃತಜ್ಞರಾಗಿರೋಣ. ಹಿಡಿದ ಇಂಗಾಲದ ಡೈಆಕ್ಸೈಡನ್ನು ಹಳೆಯ ತೈಲಬಾವಿಗೆ ಒತ್ತಿದರೆ ತಳದಲ್ಲಿ ಅಂಟಿಕೊಂಡ ತೈಲ ಮೇಲೆ ಬರುತ್ತದೆ. ಮೇಲೆ ಬಂದ ತೈಲ ಉರಿದು ಮತ್ತೆ ಗಾಳಿ ಸೇರುತ್ತದೆ. 2022ರ ಅಮೆರಿಕದ ಕಾಯ್ದೆ ಇದಕ್ಕೆ ಕಡಿಮೆ, ಅಂದರೆ 130 ಡಾಲರ್ ಕೊಡುತ್ತಿತ್ತು. ಶಾಶ್ವತವಾಗಿ ಹೂಳುವುದಕ್ಕೆ 180 ಡಾಲರ್ ಇತ್ತು. 2025ರ ಜುಲೈನಲ್ಲಿ ಬಂದ ಹೊಸ ಕಾಯ್ದೆ ಎರಡನ್ನೂ ಸಮ ಮಾಡಿತು. ಸೌರ, ಗಾಳಿ ವಿದ್ಯುತ್ತಿನ ರಿಯಾಯಿತಿಗಳಿಗೆ ಕತ್ತರಿ ಹಾಕಿದ ಅದೇ ಕಾಯ್ದೆ ಇದನ್ನು ಉಳಿಸಿ ಬೆಳೆಸಿತು. ಯಾರ ಹಿತಕ್ಕಾಗಿ ಎಂದು ಕೇಳಲು ದೊಡ್ಡ ಪಾಂಡಿತ್ಯ ಬೇಕಿಲ್ಲ.

ಹಣ ಕೊಡುವ ರೀತಿಯೂ ಹಿಂದೆ ಬಹಳ ಸಲ ಕೈಕೊಟ್ಟಿದೆ. ಅಮೆರಿಕದ ಇಂಧನ ಇಲಾಖೆ 2009ರ ನಂತರ ಕಲ್ಲಿದ್ದಲು ಸ್ಥಾವರಗಳಲ್ಲಿ ಇಂಗಾಲ ಹಿಡಿಯುವ ಎಂಟು ಯೋಜನೆಗಳಿಗೆ 68.4 ಕೋಟಿ ಡಾಲರ್ ಖರ್ಚು ಮಾಡಿತು. ಕೊನೆಗೆ ಕೆಲಸಕ್ಕೆ ಬಂದದ್ದು ಒಂದೇ ಒಂದು ಎಂದು ಅಲ್ಲಿನ ಸರ್ಕಾರಿ ಲೆಕ್ಕಪತ್ರ ಕಚೇರಿ 2021ರ ಡಿಸೆಂಬರಿನಲ್ಲಿ ವರದಿ ಮಾಡಿತು. ಆ ಒಂದು, ಟೆಕ್ಸಸ್‌ನ ಪೆಟ್ರಾ ನೋವಾ, ತೈಲದ ಬೆಲೆ ಬಿದ್ದ 2020ರಲ್ಲಿ ನಿಂತುಹೋಗಿ ಮತ್ತೆ ಶುರುವಾದದ್ದು 2023ರಲ್ಲಿ. ತೆರಿಗೆ ರಿಯಾಯಿತಿಯ ಕಥೆ ಇನ್ನೂ ಸ್ವಾರಸ್ಯದ್ದು. 2008ರಲ್ಲಿ ಶುರುವಾದ ಈ ರಿಯಾಯಿತಿಯನ್ನು ಕಂಪನಿಗಳು ಒಟ್ಟು ಸುಮಾರು 100 ಕೋಟಿ ಡಾಲರ್‌ನಷ್ಟು ಪಡೆದಿದ್ದವು. ಅದರಲ್ಲಿ ಹತ್ತಿರಹತ್ತಿರ 90 ಕೋಟಿಯಷ್ಟನ್ನು ಪಡೆದವರು ಪರಿಸರ ಇಲಾಖೆ ಕೇಳಿದ ಉಸ್ತುವಾರಿ ನಿಯಮಗಳನ್ನು ಪಾಲಿಸಿರಲಿಲ್ಲ ಎಂದು 2020ರಲ್ಲಿ ತೆರಿಗೆ ಇಲಾಖೆಯ ತನಿಖಾಧಿಕಾರಿ ತಿಳಿಸಿದರು. ಇಂಗಾಲ ನಿಜಕ್ಕೂ ನೆಲದಡಿ ಉಳಿಯಿತೇ ಎಂದು ತೋರಿಸುವ ಕಾಗದವೇ ಇರಲಿಲ್ಲ. ಕಣ್ಣಿಗೆ ಕಾಣದ ಸರಕಿಗೆ ಹಣ ಕೊಡುವಾಗ ತೂಕದ ಕಲ್ಲು ಕೊಳ್ಳುವವನ ಕೈಯಲ್ಲಿರಬೇಕು. ಇಲ್ಲಿ ಅದು ಮಾರುವವನ ಕೈಯಲ್ಲಿತ್ತು.

ಹಾಗಾದರೆ ಎಲ್ಲ ಬೆಂಬಲವನ್ನೂ ನಿಲ್ಲಿಸಿಬಿಡಬೇಕೇ? ಅಷ್ಟು ದೂರ ಹೋಗಬೇಕಿಲ್ಲ. ಸ್ವೀಡನ್ ಬೇರೆ ದಾರಿ ತೋರಿಸಿದೆ. ಅದು ಮೊದಲೇ ಹಣ ಸುರಿಯಲಿಲ್ಲ. ಯಾರು ಕಡಿಮೆ ದರಕ್ಕೆ ಇಂಗಾಲ ಹೂಳುತ್ತೀರಿ ಹೇಳಿ ಎಂದು ಹರಾಜು ಕರೆಯಿತು. 2025ರ ಜನವರಿಯಲ್ಲಿ ಸ್ಟಾಕ್‌ಹೋಮ್ ಎಕ್ಸರ್ಜಿ ಎಂಬ ಸಂಸ್ಥೆ ಗೆದ್ದಿತು. ಕಾಡಿನ ಕಡ್ಡಿ-ಸೀಳು, ಗರಗಸದ ಮಿಲ್ಲಿನ ಉಳಿಕೆ ಉರಿಸಿ ನಗರದ ಮನೆಗಳಿಗೆ ಬಿಸಿನೀರು, ವಿದ್ಯುತ್ ಕೊಡುವ ಸ್ಥಾವರ ಅದರದು. ಮರ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವನ್ನು ಚಿಮಣಿಯಲ್ಲಿ ಹಿಡಿದು, ನಾರ್ವೆಯ ‘ನಾರ್ದರ್ನ್ ಲೈಟ್ಸ್’ ಸಮುದ್ರತಳದ ಉಗ್ರಾಣಕ್ಕೆ ಹಡಗಿನಲ್ಲಿ ಕಳಿಸಿ ಹೂಳುವುದು ಯೋಜನೆ. ವರ್ಷಕ್ಕೆ ಸುಮಾರು 8 ಲಕ್ಷ ಟನ್, ಹದಿನೈದು ವರ್ಷ, ಒಟ್ಟು 2,000 ಕೋಟಿ ಕ್ರೋನಾದಷ್ಟು. ಹೂತು, ಅಳೆದು, ಪ್ರಮಾಣೀಕರಿಸಿದ ಮೇಲೆಯೇ ದುಡ್ಡು. ಯಂತ್ರ ಕೆಟ್ಟರೆ ನಷ್ಟ ಕಂಪನಿಯದು, ತೆರಿಗೆದಾರನದಲ್ಲ. ಇದರಲ್ಲೂ ತಕರಾರು ಇಲ್ಲದಿಲ್ಲ. ಉಳಿಕೆ ಕಟ್ಟಿಗೆ ಎಂದು ಹೇಳಿ ಒಳ್ಳೆಯ ಕಾಡನ್ನೇ ಕಡಿದರೆ ಎಂಬ ಅನುಮಾನ ಪರಿಸರವಾದಿಗಳಿಗೆ ಇದ್ದೇ ಇದೆ. ಆದರೂ ಹಣ ಕೊಡುವ ಕ್ರಮ ಸರಿಯಾದದ್ದು: ಫಲ ಕಂಡ ಮೇಲೆ ಕೂಲಿ.

ಫಲ ಕಾಣಬೇಕಾದರೆ ಲೆಕ್ಕ ಬಯಲಲ್ಲಿರಬೇಕು. ಐಸ್‌ಲ್ಯಾಂಡಿನ ಓರ್ಕಾ ಮತ್ತು ಮ್ಯಾಮತ್ ತಮ್ಮ ಘೋಷಿತ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ ಹಿಡಿದಿವೆ ಎಂದು ಅಲ್ಲಿನದೇ ಪತ್ರಿಕೆಯೊಂದು 2025ರ ಮೇ ತಿಂಗಳಲ್ಲಿ ವರದಿ ಮಾಡಿತು. ಅದೇ ತಿಂಗಳು ಕಂಪನಿ ನೂರಕ್ಕೂ ಹೆಚ್ಚು ಹುದ್ದೆಗಳ ಕಡಿತ ಪ್ರಕಟಿಸಿತು. ಹೊಸ ತಂತ್ರಜ್ಞಾನ ಎಡವುವುದು ಸಹಜ, ಅದಕ್ಕೆ ಕಲ್ಲು ಹೊಡೆಯಬೇಕಿಲ್ಲ. ಆದರೆ ಎಡವಿದ್ದು ಪತ್ರಕರ್ತರು ಕೆದಕಿದ ಮೇಲೆ ಜಗತ್ತಿಗೆ ತಿಳಿಯುವಂತಾದರೆ ನಂಬಿಕೆ ಉಳಿಯದು. ಸಾರ್ವಜನಿಕ ಹಣ ಮುಟ್ಟಿದ ಯಾವುದೇ ಘಟಕ ಎಷ್ಟು ಹಿಡಿಯಿತು, ಎಷ್ಟು ವಿದ್ಯುತ್ ತಿಂದಿತು, ಕಟ್ಟಡದ ಉಕ್ಕು-ಸಿಮೆಂಟಿನ ಹೊಗೆ ಕಳೆದು ನಿವ್ವಳ ಎಷ್ಟು ಉಳಿಯಿತು ಎಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು. ವ್ಯಾಪಾರ ರಹಸ್ಯ ಎಂಬ ನೆಪ ಇಲ್ಲಿ ಒಪ್ಪತಕ್ಕದ್ದಲ್ಲ.

ಯಂತ್ರ ಬೇಡ, ಮರ ನೆಟ್ಟರೆ ಸಾಕು ಎನ್ನುವವರಿಗೂ ಒಂದು ಮಾತು. ಮರ ಅಗ್ಗ, ಹಿತ, ನೆರಳು. ಇಂದು ಗಾಳಿಯಿಂದ ಹೊರಬರುತ್ತಿರುವ ಇಂಗಾಲದಲ್ಲಿ ಬಹುಪಾಲು ಕಾಡಿನದೇ ಕೆಲಸ. ಆದರೆ ಕಾಡ್ಗಿಚ್ಚು ಬಿದ್ದರೆ, ಕೊಡಲಿ ಬಿದ್ದರೆ ಕೂಡಿಟ್ಟದ್ದೆಲ್ಲ ಮತ್ತೆ ಗಾಳಿಗೆ. ಶತಮಾನಗಟ್ಟಲೆ ಗಾಳಿಯಲ್ಲಿ ಉಳಿಯುವ ಕಲ್ಲಿದ್ದಲಿನ ಹೊಗೆಗೆ ನಲವತ್ತು ವರ್ಷ ಬದುಕುವ ನೆಡುತೋಪು ಸಮನಲ್ಲ. ನೆಡುವುದಾದರೂ ಯಾರ ನೆಲದಲ್ಲಿ? ಈ ಪ್ರಶ್ನೆಗೆ ಕರ್ನಾಟಕದಲ್ಲಿ ಕಹಿ ಉತ್ತರವಿದೆ. 1980ರ ದಶಕದಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿತು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ನೆಲವನ್ನು ಅದಕ್ಕೆ ಒಪ್ಪಿಸಲು ಹೊರಟಿತು. ಕಾಗದದ ಮೇಲೆ ಅದು ಹಸಿರೀಕರಣ. ಹಳ್ಳಿಗರಿಗೆ ಅದು ದನ ಮೇಯುವ, ಸೌದೆ ಆಯುವ ಸಾಮುದಾಯಿಕ ಭೂಮಿ. 1987ರ ನವೆಂಬರ್‌ನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಎಂದೇ ಹೆಸರಾದ ಆ ಸತ್ಯಾಗ್ರಹದ ನಂತರ ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು. ಜೀವರಾಶಿ ಬೆಳೆಸಿ, ಸುಟ್ಟು, ಇಂಗಾಲ ಹೂಳುವ ಯೋಜನೆ ನಾಳೆ ಇಲ್ಲಿಗೆ ಬಂದರೆ ಅದು ಕೇಳುವುದು ಇಂಥದೇ ಗೋಮಾಳವನ್ನು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಒಂದು ಎಕರೆಯನ್ನೂ ಇಂಗಾಲದ ಹೆಸರಿನಲ್ಲಿ ಕೊಡಕೂಡದು.

ಇನ್ನು ಹಣದ ಮೂಲ. ಇಂದಿನ ಬಹುತೇಕ ಯೋಜನೆಗಳಲ್ಲಿ ಖರ್ಚು ಸಾಮಾನ್ಯ ತೆರಿಗೆಯಿಂದ ಹೋಗುತ್ತದೆ. ಅಂದರೆ ಬಸ್ಸಿನಲ್ಲಿ ಓಡಾಡುವವನೂ ವಿಮಾನದಲ್ಲಿ ಓಡಾಡುವವನ ಹೊಗೆ ಗುಡಿಸಲು ಪಾಲು ಕೊಡುತ್ತಾನೆ. ಇದು ನ್ಯಾಯವಲ್ಲ. ಕಲ್ಲಿದ್ದಲು, ತೈಲ, ಅನಿಲವನ್ನು ನೆಲದಿಂದ ತೆಗೆದು ಮಾರುವವನಿಗೆ, ತೆಗೆದದ್ದರ ಒಂದು ಪಾಲನ್ನು ವಾಪಸು ನೆಲಕ್ಕೆ ಸೇರಿಸುವ ಹೊಣೆಯನ್ನು ಕಾನೂನಿನಿಂದ ಹೊರಿಸಬೇಕು. ಮೊದಲ ವರ್ಷ ನೂರಕ್ಕೆ ಒಂದು ಟನ್, ಆಮೇಲೆ ಐದು, ಹತ್ತು, ಕೊನೆಗೆ ನೂರಕ್ಕೆ ನೂರು. ಆಕ್ಸ್‌ಫರ್ಡಿನ ಹವಾಮಾನ ವಿಜ್ಞಾನಿ ಮೈಲ್ಸ್ ಅಲೆನ್ ಮೊದಲಾದವರು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. ಇದು ಕನಸಿನ ಮಾತೂ ಅಲ್ಲ. ಐರೋಪ್ಯ ಒಕ್ಕೂಟ 2024ರ ತನ್ನ ಕಾಯ್ದೆಯಲ್ಲಿ, 2030ರೊಳಗೆ ವರ್ಷಕ್ಕೆ 5 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೂಳುವ ಸಾಮರ್ಥ್ಯ ಕಟ್ಟುವ ಹೊಣೆಯನ್ನು ತನ್ನ ನೆಲದ ತೈಲ-ಅನಿಲ ಉತ್ಪಾದಕರ ಮೇಲೆಯೇ ಹಾಕಿದೆ. ಅದೇ ಒಕ್ಕೂಟ 2021ರ ಹವಾಮಾನ ಕಾಯ್ದೆಯಲ್ಲಿ, 2030ರ ಗುರಿ ಮುಟ್ಟಲು ಕಾಡು ಮತ್ತು ನೆಲ ಹೀರುವ ಇಂಗಾಲವನ್ನು 22.5 ಕೋಟಿ ಟನ್ನಿಗಿಂತ ಹೆಚ್ಚು ತೋರಿಸುವಂತಿಲ್ಲ ಎಂದು ಮಿತಿ ಹಾಕಿತ್ತು. ಉಳಿದದ್ದು ಹೊಗೆ ತಡೆದೇ ಆಗಬೇಕು. ಕಡಿತದ ಖಾತೆ ಬೇರೆ, ತೆಗೆತದ ಖಾತೆ ಬೇರೆ ಇದ್ದರೆ ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳಲಾಗದು. ವಿರೋಧಿಗಳ ಭಯಕ್ಕೆ ಇದಕ್ಕಿಂತ ನೇರ ಉತ್ತರವಿಲ್ಲ.

ದೇಶಗಳ ನಡುವಿನ ನ್ಯಾಯವೂ ಇದೇ ತರ್ಕ ಕೇಳುತ್ತದೆ. ಇತಿಹಾಸದಲ್ಲಿ ಗಾಳಿ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕ ಒಂದರದೇ. ಜಗತ್ತಿನ ಆರನೇ ಒಂದಕ್ಕೂ ಹೆಚ್ಚು ಜನರಿರುವ ಭಾರತದ ಪಾಲು ಶೇ 4 ಕೂಡ ದಾಟದು. ಇವತ್ತಿಗೂ ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಹೊರಸೂಸಿದರೆ ಭಾರತದವನ ಲೆಕ್ಕ 2 ಟನ್. ಹಳೆಯದನ್ನು ಗುಡಿಸುವ ದುಬಾರಿ ಪ್ರಯೋಗದ ಖರ್ಚು ಅಮೆರಿಕ, ಯುರೋಪುಗಳೇ ಹೊರಬೇಕು. ಬೆಲೆ ಇಳಿದ ಮೇಲೆ ತಂತ್ರಜ್ಞಾನವನ್ನು ಎಲ್ಲರ ಜೊತೆ ಹಂಚಿಕೊಳ್ಳಬೇಕು. 2070ರಲ್ಲಿ ನಿವ್ವಳ ಶೂನ್ಯ ಎಂದು ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟ ಭಾರತಕ್ಕೆ ಈ ಯಂತ್ರಗಳು ಬೇಕಾಗುವುದು ಬಹಳ ಮುಂದೆ.

ಹಾಗೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. ನಮ್ಮಲ್ಲಿ ಯಂತ್ರಕ್ಕಿಂತ ಅಗ್ಗದ ದಾರಿಗಳಿವೆ, ಅವು ಆಗಲೇ ಜಗತ್ತಿನ ಕಣ್ಣಿಗೆ ಬಿದ್ದಿವೆ. ಬಸಾಲ್ಟ್ ಪುಡಿಯನ್ನು ಸಣ್ಣ ರೈತರ ಹೊಲಕ್ಕೆ ಹಾಕುವ ‘ಮಾಟಿ ಕಾರ್ಬನ್’ ಸಂಸ್ಥೆ ಛತ್ತೀಸ್‌ಗಢದಂಥ ಕಡೆ ಮಾಡಿದ ಕೆಲಸಕ್ಕೆ 2025ರ ಏಪ್ರಿಲ್‌ನಲ್ಲಿ 5 ಕೋಟಿ ಡಾಲರ್‌ಗಳ ಎಕ್ಸ್‌ಪ್ರೈಜ್ ಗೆದ್ದಿತು. ಮಳೆನೀರು ಗಾಳಿಯ ಇಂಗಾಲವನ್ನು ಹೊತ್ತು ತಂದು ಆ ಪುಡಿಯ ಜೊತೆ ಬೆರೆಸಿ ಬೈಕಾರ್ಬನೇಟ್ ಆಗಿಸುತ್ತದೆ. ಅದು ಹೊಳೆ ಸೇರಿ, ಕಡಲು ಸೇರಿ ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ, ಮಣ್ಣಿಗೂ ಖನಿಜ ಸಿಗುತ್ತದೆ. ಬೀದರ್, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ, ಕಲಬುರಗಿಯ ಆಳಂದ ಕಡೆಯಲ್ಲಿ ನೆಲದಡಿ ಹಾಸಿರುವುದು ಇದೇ ದಖ್ಖನ್ ಬಸಾಲ್ಟ್. ಇನ್ನೊಂದು ಕಡೆ ಗುಜರಾತಿನಲ್ಲಿ, ನಾವು ಬಳ್ಳಾರಿ ಜಾಲಿ ಎನ್ನುವ ಆಕ್ರಮಣಕಾರಿ ಗಿಡವನ್ನು ಸುಟ್ಟು ಬಯೋಚಾರ್ ಎಂಬ ಇದ್ದಿಲು ಮಾಡುವ ‘ವರಾಹ’ ಎಂಬ ಕಂಪನಿಯಿಂದ, ಇಂಗಾಲ ತೆಗೆದದ್ದಕ್ಕೆ ಸಿಗುವ 1 ಲಕ್ಷ ಟನ್ ಕ್ರೆಡಿಟ್ ಕೊಳ್ಳಲು ಗೂಗಲ್ 2025ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು.

ಈ ದಾರಿಗಳಲ್ಲಿ ದೊಡ್ಡ ತೊಡಕು ಅಳತೆಯದು. ಹೊಲದಲ್ಲಿ ಎಷ್ಟು ಪುಡಿ ಕರಗಿತು, ಎಷ್ಟು ಇಂಗಾಲ ನಿಜಕ್ಕೂ ಕಡಲು ಮುಟ್ಟಿತು ಎಂದು ಹೇಳುವುದು ಸುಲಭವಲ್ಲ. ಕೆಲವು ಬಗೆಯ ಕಲ್ಲಿನಲ್ಲಿ ನಿಕಲ್, ಕ್ರೋಮಿಯಂ ಇರುತ್ತವೆ, ಅವು ಬೆಳೆಗೆ ಸೇರದಂತೆ ನೋಡಬೇಕು. ಸರ್ಕಾರದ ಹಣ ಹೋಗಬೇಕಾದದ್ದು ಇಲ್ಲಿಗೆ. ಇಂಗಾಲ ಹಿಡಿಯುವ ಸಂಶೋಧನೆಗೆ ಕೇಂದ್ರ ಸರ್ಕಾರ ಸ್ಥಾಪಿಸಿದ ಎರಡು ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಮುಂಬೈನ ಐಐಟಿಯಲ್ಲಿದೆ, ಇನ್ನೊಂದು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಧಾರವಾಡ, ರಾಯಚೂರುಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ. ಇವರು ಸೇರಿ ಹತ್ತು ವರ್ಷ ಒಂದೇ ಹೊಲಗಳಲ್ಲಿ ಮಣ್ಣು, ನೀರು, ಬೆಳೆ ಅಳೆದು ಫಲಿತಾಂಶವನ್ನು ಎಲ್ಲರಿಗೂ ತೆರೆದಿಡುವ ಯೋಜನೆಗೆ ಬೇಕಾಗುವುದು ಒಂದು ದೊಡ್ಡ ಯಂತ್ರದ ಬೆಲೆಯ ಚಿಕ್ಕ ಪಾಲು. ಆ ಅಳತೆ ನಮ್ಮ ಕೈಯಲ್ಲಿಲ್ಲದಿದ್ದರೆ ಹೊಲ ರೈತನದು, ಕ್ರೆಡಿಟ್ ವಿದೇಶಿ ಕಂಪನಿಯದು, ದರ ದಲ್ಲಾಳಿಯದು ಎಂಬಂತಾಗುತ್ತದೆ. ನಮ್ಮ ಅಗ್ಗದ ತೆಗೆತವನ್ನೆಲ್ಲ ಇಂದೇ ಹೊರಗೆ ಮಾರಿಕೊಂಡರೆ, ನಾಳೆ ನಮ್ಮದೇ ಸಿಮೆಂಟಿನ ಹೊಗೆಗೆ ದುಬಾರಿಯದನ್ನು ಕೊಳ್ಳುವ ಪಾಳಿ ಬಂದೀತು.

ಗಾಳಿಯಿಂದ ಇಂಗಾಲ ತೆಗೆಯುವ ಕೆಲಸಕ್ಕೆ ಸರ್ಕಾರ ಬೇಕು, ಏಕೆಂದರೆ ಬೇರೆ ಯಾರೂ ಅದನ್ನು ಪೂರ್ತಿಯಾಗಿ ಮಾಡಲಾರರು. ಆದರೆ ಪ್ರತಿ ರೂಪಾಯಿಗೂ ನಾಲ್ಕು ಪ್ರಶ್ನೆ ಕೇಳಬೇಕು. ಹೂತದ್ದನ್ನು ಬೇರೆಯವರು ಅಳೆದಿದ್ದಾರೆಯೇ? ಅದೇ ಹಣದಿಂದ ಇನ್ನೂ ಹೆಚ್ಚು ಹೊಗೆ ತಡೆಯಬಹುದಿತ್ತೇ? ಅದರಿಂದ ಹೊಸ ತೈಲ ಮೇಲೆ ಬರುತ್ತಿದೆಯೇ? ಆ ನೆಲ ಯಾರದು? ನಮ್ಮ 20,000 ಕೋಟಿಯ ಮಾರ್ಗಸೂಚಿಗಳಲ್ಲಿ ಈ ನಾಲ್ಕಕ್ಕೂ ಬರಹದ ಉತ್ತರ ಇರಬೇಕೆಂದು ಸಂಸದರನ್ನು ಕೇಳುವುದು ಓದುಗರ ಹಕ್ಕು. ಉತ್ತರ ಸಿಗುವವರೆಗೆ ಅದನ್ನು ಹವಾಮಾನ ನೀತಿ ಎನ್ನಲಾಗದು, ಉದ್ಯಮಗಳಿಗೆ ಕೊಟ್ಟ ಇನ್ನೊಂದು ಸಬ್ಸಿಡಿ ಎಂದೇ ಕರೆಯಬೇಕು.